ಸಮದ ಮೇಲೆ ತೋರಿಸಿ, ಸಮ ದಾಟಿದ ಮೇಲೆ ಅಡಗಿಸಿ: ಮೇಜಿನ ಜಾದೂಗೆ ತಾಳ ಕಟ್ಟಿದ ಅನುಭವ

ಕ್ಲೋಸ್‌ಅಪ್ ಜಾದೂಗೆ (ಮೇಜಿನೆದುರು ಕೂತವರಿಗೆ ಹತ್ತಿರದಿಂದಲೇ ತೋರಿಸುವ ಜಾದೂಗೆ) ಸಂಗೀತ ಒಗ್ಗುವುದಿಲ್ಲ ಎಂಬುದು ನಮ್ಮ ಜಾದೂಗಾರರಲ್ಲಿ ಬಹಳ ಜನರ ಮಾತು. ಎದುರಿಗೆ ಕೂತವರು ಒಂದು ಇಸ್ಪೀಟು ಎಲೆ ಆರಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೋ ಗೊತ್ತಿಲ್ಲ, ಹಾಡು ಮಾತ್ರ ಯಾರನ್ನೂ ಕಾಯದೆ ಓಡುತ್ತಿರುತ್ತದೆ. ಸಂಗೀತವೆಲ್ಲ ವೇದಿಕೆಯ ಮೇಲೆ ಪಾರಿವಾಳ ತೆಗೆಯುವವರಿಗೆ, ನಮಗೆ ಮಾತೇ ಬಂಡವಾಳ ಎಂದು ಬುದ್ಧಿ ಹೇಳಿದವರೂ ಇದ್ದಾರೆ. ಅವರಲ್ಲೇ ಕೆಲವರು ಈಗ ನನ್ನ ಲೂಪ್ (ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕು) ಫೈಲುಗಳನ್ನು ಕೇಳುತ್ತಿದ್ದಾರೆ. ಫೈಲು ಕೊಡುವುದಿಲ್ಲ, ವಿಧಾನ ಹೇಳುತ್ತೇನೆ.

ಯಾವುದೋ ಟ್ರ್ಯಾಕ್ ಹಾಕಿಕೊಂಡು ಅದರ ಮೇಲೆ ಮಾಮೂಲಿ ಐಟಂ ಮಾಡಿದರೆ ಏನೂ ದಕ್ಕುವುದಿಲ್ಲ, ಅಷ್ಟರಮಟ್ಟಿಗೆ ಅವರ ಮಾತು ಸರಿ. ಫಲ ಕೊಟ್ಟದ್ದು ತಾಳದ ಆವರ್ತವನ್ನೇ, ಅಂದರೆ ಒಂದು ಪೂರ್ತಿ ಸುತ್ತನ್ನೇ, ಐಟಂನ ಚೌಕಟ್ಟು ಮಾಡಿಕೊಂಡದ್ದು. ಕೇಳುವವರ ಗಮನ ಸಮದ (ಆವರ್ತದ ಮೊದಲ ಪೆಟ್ಟಿನ) ಕಡೆಗೆ ಬಿಗಿಯಾಗುತ್ತ ಹೋಗಿ, ಸಮ ಬಿದ್ದ ಕೂಡಲೇ ಸಡಿಲವಾಗುತ್ತದೆ. ತಾಳ ಹಾಕಲು ಬಾರದವರಿಗೂ ಹೀಗೇ ಆಗುತ್ತದೆ. ಆದ್ದರಿಂದ ಕಾಣಬೇಕಾದ್ದು ಸಮದ ಮೇಲೆ, ಕಾಣಬಾರದ್ದು ಅದರ ನಂತರದ ಎರಡು ಅಕ್ಷರಗಳಲ್ಲಿ (ತಾಳದ ಎಣಿಕೆಗಳಲ್ಲಿ). ಹೊಸಬರು ಇದಕ್ಕೆ ಪೂರಾ ಉಲ್ಟಾ: ಪಾಸ್ (ಎಲೆಕಟ್ಟಿನ ಮೇಲಿನ-ಕೆಳಗಿನ ಭಾಗಗಳನ್ನು ಗುಟ್ಟಾಗಿ ಅದಲುಬದಲು ಮಾಡುವುದು), ಪಾಮ್ (ಅಂಗೈಯಲ್ಲಿ ಅಡಗಿಸುವುದು) ಎಲ್ಲವನ್ನೂ ಜೋರು ಪೆಟ್ಟಿನ ಅಡಿಯಲ್ಲಿ ಮುಚ್ಚಲು ನೋಡುತ್ತಾರೆ. ಪೆಟ್ಟು ಬೀಳುವ ಹೊತ್ತಿಗೇ ಕಣ್ಣು ಕೈಯ ಮೇಲೆ ನೆಟ್ಟಿರುತ್ತದೆ! ಮೇಜಿನ ಜಾದೂಗೆ ಹೆಸರಾದ ಸ್ಲೈಡಿನಿ ಮುಂದಕ್ಕೆ ಬಾಗಿ, ಆಮೇಲೆ ಹಿಂದಕ್ಕೆ ಒರಗುವಾಗ ನಾಣ್ಯವನ್ನು ಮಡಿಲಿಗೆ ಬಿಡುತ್ತಿದ್ದುದು ನಿಮಗೆ ಗೊತ್ತೇ ಇದೆ. ಆ ಬಿಗಿ ಮತ್ತು ಸಡಿಲವನ್ನು ಇಲ್ಲಿ ತಾಳ ಒದಗಿಸುತ್ತದೆ, ಮೈಯನ್ನು ಅಷ್ಟು ದುಡಿಸಬೇಕಿಲ್ಲ.

ನನ್ನ ಲೆಕ್ಕ ಆದಿತಾಳ (ಆವರ್ತಕ್ಕೆ ಎಂಟು ಅಕ್ಷರ), ಚತುರಶ್ರ ನಡೆ (ಅಕ್ಷರಕ್ಕೆ ನಾಲ್ಕು ಮಾತ್ರೆ), ನಿಮಿಷಕ್ಕೆ ಸುಮಾರು 80 ಅಕ್ಷರ. ಅಂದರೆ ಅಕ್ಷರಕ್ಕೆ ಮುಕ್ಕಾಲು ಸೆಕೆಂಡು, ಆವರ್ತಕ್ಕೆ 6 ಸೆಕೆಂಡು. ರಿಟೆನ್ಷನ್ ವ್ಯಾನಿಶ್‌ಗೆ (ನಾಣ್ಯ ಇನ್ನೊಂದು ಕೈಗೆ ಹೋದಂತೆ ಕಣ್ಣಿಗೆ ಭ್ರಮೆ ಹುಟ್ಟಿಸಿ ಮಾಯ ಮಾಡುವುದಕ್ಕೆ) ಎರಡು ಆವರ್ತ ಬೇಕು. ಮೊದಲನೆಯದರಲ್ಲಿ ನಾಲ್ಕು ಅಕ್ಷರ ನಾಣ್ಯ ತೋರಿಸುವುದು, ಐದು-ಆರರಲ್ಲಿ ಎಡಗೈಗೆ ಇಟ್ಟಂತೆ ಮಾಡಿ ಮುಷ್ಟಿ ಕಟ್ಟುವುದು, ಏಳು-ಎಂಟರಲ್ಲಿ ಮುಷ್ಟಿಯನ್ನು ದೂರ ಸರಿಸುವುದು. ಎರಡನೆಯ ಆವರ್ತದಲ್ಲಿ ಕಣ್ಣು ಮುಷ್ಟಿಯ ಹಿಂದೆಯೇ ಇರಬೇಕು. ಬಲಗೈ ಮೇಜಿನ ಅಂಚಿನಲ್ಲಿ ಸುಮ್ಮನಿರಲಿ, ನಾಣ್ಯ ಇನ್ನೂ ಅಲ್ಲೇ ಇದೆ. ಮುಂದಿನ ಸಮಕ್ಕೆ ಮುಷ್ಟಿ ಬಿಚ್ಚಿ, ಎರಡನೇ-ಮೂರನೇ ಅಕ್ಷರದಲ್ಲಿ ನಾಣ್ಯ ಮಡಿಲಿಗೆ, ನಾಲ್ಕಕ್ಕೆ ಬಲಗೈ ಬರಿದಾಗಿ ಮೇಜಿನ ಮೇಲೆ. ‘ಇನ್ನೊಂದು ಕೈ ತೋರಿಸಿ’ ಎಂಬ ದನಿ ಹೆಚ್ಚುಕಡಿಮೆ ಐದನೇ ಅಕ್ಷರಕ್ಕೆ ಬರುತ್ತದೆ. ತೋರಿಸಿಬಿಡಿ.

ವೇಗ 76ರಿಂದ 84ರ ಒಳಗಿದ್ದರೆ ಸರಿ. 100ಕ್ಕೆ ಏರಿಸಿದರೆ ಡಬಲ್ ಲಿಫ್ಟ್ (ಎರಡು ಎಲೆಯನ್ನು ಒಂದೇ ಎಂಬಂತೆ ಎತ್ತುವುದು) ನಿಭಾಯಿಸಬಹುದು, ನಾಣ್ಯ ಇಡುವುದು ಮಾತ್ರ ಕಸಿದುಕೊಂಡಂತೆ ಕಾಣುತ್ತದೆ. 60ಕ್ಕೆ ಇಳಿಸಿದರೆ ಅಕ್ಷರದಿಂದ ಅಕ್ಷರಕ್ಕೆ ಒಂದು ಪೂರ್ತಿ ಸೆಕೆಂಡು. ಪಾಮ್ ಮಾಡಿದ ಕೈ ಕಟ್ಟಿಗೆಯಾಗುತ್ತದೆ. ತಾಳವಿಲ್ಲದ ಆಲಾಪನೆಯ ಮೇಲೂ ಪರೀಕ್ಷಿಸಿದ್ದಾಯಿತು. ಮನಸ್ಸು ಓದುವ ಐಟಂಗೆ ಅದು ಹಿತ. ಕೈಚಳಕಕ್ಕೆ ಆಸರೆಯೇ ಇರುವುದಿಲ್ಲ, ಕೈ ತಾನಾಗಿ ಅವಸರಕ್ಕೆ ಬೀಳುತ್ತದೆ. ಏಳರ ಎಣಿಕೆಯ ಮಿಶ್ರಛಾಪು ತಾಳ ಮುಚ್ಚುವುದಕ್ಕೆ ಚೆನ್ನ, ಸಮ ಎಲ್ಲಿ ಬಿತ್ತೆಂದು ಸಾಮಾನ್ಯರಿಗೆ ಹೊಳೆಯುವುದಿಲ್ಲ. ಹೊಳೆಯದಿದ್ದರೆ ಗಮನ ಬಿಗಿಯಾಗುವುದೂ ಇಲ್ಲ, ಹಾಗಾಗಿ ಚಪ್ಪಾಳೆ ಒಂದು ಕ್ಷಣ ತಡ. ಮೂರರ ಎಣಿಕೆಯ ರೂಪಕ ತಾಳ ಮೂರು ನಾಣ್ಯದ ಐಟಂಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ನಾಣ್ಯಕ್ಕೆ ಒಂದು ಆವರ್ತ ಸಾಲದು, ಎರಡೆರಡು ಕೊಡಿ.

ಸಮದ ಬಿಗಿಯನ್ನು ದುಪ್ಪಟ್ಟು ಮಾಡುವುದು ಮುಕ್ತಾಯ, ಅಂದರೆ ಒಂದೇ ನುಡಿಯನ್ನು ಮೂರು ಸಲ ನುಡಿಸಿ ಸಮಕ್ಕೆ ಬಂದು ಮುಗಿಸುವುದು. ‘ತದಿಗಿಣತೊಂ’ ಮೂರು ಸಲ, ನಡುವೆ ಎರಡೆರಡು ಮಾತ್ರೆ ಕಾರ್ವೆ (ಬಿಡುವು), ಒಟ್ಟು 19 ಮಾತ್ರೆ. 32 ಮಾತ್ರೆಯ ಆವರ್ತದಲ್ಲಿ 13 ಬಿಟ್ಟು, ನಾಲ್ಕನೇ ಅಕ್ಷರದ ಎರಡನೇ ಮಾತ್ರೆಯಲ್ಲಿ ಎತ್ತಿಕೊಂಡರೆ ಸಮಕ್ಕೆ ಸರಿಯಾಗಿ ಬಂದು ಬೀಳುತ್ತದೆ. ಎರಡನೇ ಸಲ ಕೇಳಿದಾಗಲೇ ಮೂರನೆಯದೊಂದು ಇದೆಯೆಂದು ಜನಕ್ಕೆ ತಿಳಿದಿರುತ್ತದೆ, ಉಸಿರು ಹಿಡಿದು ಕಾಯುತ್ತಾರೆ. ಆ ಎರಡನೇ ಮತ್ತು ಮೂರನೇ ಸಲದ ನಡುವಿನ ಕಾರ್ವೆಯಲ್ಲಿ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬಿಡಿಸಿಡುವುದಿಲ್ಲ.

ಇನ್ನು ಕಾಯುವ ಸಮಸ್ಯೆ. ಸಂಗೀತವನ್ನು ಎರಡು ಜಾತಿ ಮಾಡಿ: ಕಾಯುವ ಭಾಗ, ಓಡುವ ಭಾಗ. ಕಾಯುವುದರಲ್ಲಿ ತಂಬೂರಿ ಶ್ರುತಿ, ಮೆಲ್ಲಗೆ ಮೃದಂಗ, ಅಷ್ಟೇ. ಅದು ಸುತ್ತುತ್ತಿರುವಾಗ ಎಲೆ ಆರಿಸಲಿ, ನೀವು ಮಾತಾಡಿ. ಓಡುವುದು ನಾಲ್ಕು ಆವರ್ತ, 24 ಸೆಕೆಂಡು, ಮುಕ್ತಾಯ ಸೇರಿಸಿ; ಅಲ್ಲಿ ಬಾಯಿ ಮುಚ್ಚಿರಬೇಕು. ಕಾಲಿನ ಸ್ವಿಚ್ ಯಾವಾಗ ಒತ್ತಿದರೂ ಲೂಪಿನ ಸುತ್ತು ಮುಗಿದ ಮೇಲೆ ಮಾತ್ರ ಭಾಗ ಬದಲಾಗುವಂತೆ ಸೆಟ್ ಮಾಡಿ. ಕಾಯುವ ಲೂಪ್ ಎರಡು ಆವರ್ತದ್ದಿದ್ದರೆ ಕೆಲವೊಮ್ಮೆ 12 ಸೆಕೆಂಡು ತೂಕಡಿಸುತ್ತ ನಿಲ್ಲಬೇಕಾಗುತ್ತದೆ, ಒಂದಕ್ಕೇ ಕತ್ತರಿಸಿ.

ಲೂಪ್ ಕೆಡುವುದು ಮೂರು ಕಡೆ. ಎಂಪಿ3 ಮಾಡಿದರೆ ಫೈಲಿನ ತುದಿಗಳಲ್ಲಿ ಚೂರು ಮೌನ ಸೇರಿಕೊಂಡು ಪ್ರತಿ ಸುತ್ತಿಗೂ ತಾಳ ಮುಗ್ಗರಿಸುತ್ತದೆ, ವೇವ್ ಫೈಲನ್ನೇ ಇಟ್ಟುಕೊಳ್ಳಿ. ಧ್ವನಿಯ ಅಲೆ ಸೊನ್ನೆ ದಾಟುವ ಜಾಗದಲ್ಲಿ ಕತ್ತರಿಸದಿದ್ದರೆ ‘ಟಿಕ್’ ಅನ್ನುತ್ತದೆ. 5ರಿಂದ 10 ಮಿಲಿಸೆಕೆಂಡು ಫೇಡ್ (ಸದ್ದನ್ನು ಮೆಲ್ಲಗೆ ಏರಿಸಿ ಇಳಿಸುವುದು) ಸಾಕು. ತಂಬೂರಿಯ ಅನುರಣನ ಸುತ್ತಿನ ಕೊನೆಗೆ ತುಂಡಾಗುತ್ತದೆ, ಅದಕ್ಕೆ ಎರಡು ಸುತ್ತು ನುಡಿಸಿ ಎರಡನೆಯದನ್ನು ಮಾತ್ರ ತೆಗೆದುಕೊಂಡರೆ ಮೊದಲನೆಯದರ ಬಾಲ ಅದರೊಳಗೇ ಇರುತ್ತದೆ. ಬ್ಲೂಟೂತ್ ಸ್ಪೀಕರಂತೂ ಬೇಡವೇ ಬೇಡ. ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹಿಂದೆ ಬೀಳುತ್ತದೆ, ನಮ್ಮ ವೇಗದಲ್ಲಿ ಅದು ಒಂದು ಪೂರ್ತಿ ಮಾತ್ರೆ. ವೈರ್ ಹಾಕಿ.

ನಾಣ್ಯದ ಸದ್ದು ಮುಚ್ಚಲು ಸಂಗೀತ ಬಂದೀತು ಎಂದುಕೊಂಡವರಿಗೆ ಒಂದು ಮಾತು. ಮೃದಂಗದ ಎಡಗಡೆ ಎಷ್ಟು ಗುಡುಗಿದರೂ ನಾಣ್ಯದ ಕಿಣಿ ಅದರ ಮೇಲೆ ತೇಲಿಬರುತ್ತದೆ, ಅದು ಇರುವುದೇ ಮೇಲಿನ ಕಂಪನಗಳಲ್ಲಿ. ಮುಚ್ಚಬೇಕಾದರೆ ಅದೇ ಎತ್ತರದ ಸದ್ದು ಬೇಕು: ಖಂಜಿರದ ಬಿಲ್ಲೆ, ಕೈತಾಳ. ಅವನ್ನು ಎರಡನೇ-ಮೂರನೇ ಅಕ್ಷರದ ಮೇಲೆ ಕೂರಿಸಿ, ಮಡಿಲಿಗೆ ಬೀಳುವ ಗಳಿಗೆಗೆ. ಸ್ಟೀಲ್ ನಾಣ್ಯ ಬಿಟ್ಟು ಸವೆದ ಹಳೆಯ ಬೆಳ್ಳಿ ನಾಣ್ಯ ಹಿಡಿದರೆ ಅರ್ಧ ತಲೆನೋವು ಅಲ್ಲೇ ಕಡಿಮೆ. ಶಬ್ದದ ಮಟ್ಟ ಒಂದು ಮೀಟರ್ ದೂರದಲ್ಲಿ 50-55 ಡೆಸಿಬೆಲ್ ಇರಲಿ. ಸಾಧಾರಣ ಮಾತು 60ರ ಆಸುಪಾಸು, ಅದಕ್ಕಿಂತ ಕೆಳಗಿರಬೇಕು. ಸ್ಪೀಕರನ್ನು ಮೇಜಿನ ಅಡಿಗೆ ಅಂಟಿಸಿದರೆ ಮೇಜೇ ನಡುಗುತ್ತದೆ, ನೀರಿನ ಲೋಟದಲ್ಲಿ ಅಲೆ ಏಳುತ್ತದೆ. ಒಂದಿಂಚು ದಪ್ಪದ ಫೋಮ್ ಮೇಲೆ ಪಕ್ಕದ ಸ್ಟೂಲಿನಲ್ಲಿಡಿ, ಕದ್ದ ಕೈ ಇರುವ ಬದಿಗೆ ಎದುರಾಗಿ.

ದುಡ್ಡಿನ ವಿಚಾರ. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರಿಗೆ ಹೋಯಿತು, ಅದರಲ್ಲೂ ಮೊದಲ ದೊಡ್ಡ ಪೆಟ್ಟಿಗೆಯನ್ನು ಆಮೇಲೆ ಮಾರಿದಾಗ ಸಿಕ್ಕಿದ್ದು ಅರ್ಧ ಬೆಲೆ. ಅಂಗೈಯಗಲದ ಒಳ್ಳೆಯ ಸ್ಪೀಕರ್ ಒಂದು ಮೇಜಿಗೆ ಧಾರಾಳ. ಕಾಲಿನ ಸ್ವಿಚ್ಚಿಗೆ ಮೂರನೇ ಒಂದು ಭಾಗ, ಅದರಲ್ಲಿ ಜುಗ್ಗತನ ಬೇಡ. ಅಗ್ಗದ್ದು ಒಂದು ಒತ್ತಿಗೆ ಎರಡು ಸಲ ಕೆಲಸ ಮಾಡಿ ಭಾಗವನ್ನೇ ಹಾರಿಸಿಬಿಡುತ್ತದೆ. ಜನಪ್ರಿಯ ಹಾಡು ಬಳಸಿದರೆ ಕಾಸು ತೆಗೆದುಕೊಳ್ಳುವ ಕಾರ್ಯಕ್ರಮಕ್ಕೆ ಲೈಸೆನ್ಸ್ ಬೇಕು, ಜೊತೆಗೆ ಜನ ಹಾಡಿಗೆ ಗುನುಗಲು ಶುರುಮಾಡಿ ಕೈ ನೋಡುವುದೇ ಇಲ್ಲ. ಸ್ವಂತಕ್ಕೆ ನುಡಿಸಿಕೊಂಡ ಲೂಪ್ ಎರಡಕ್ಕೂ ಮದ್ದು. ಹೂಡಿದ್ದು ಒಂದು ಸೀಸನ್ನಿನೊಳಗೆ ವಾಪಸ್ ಬಂತು. ಮೇಜಿನ ದರ ಮೊದಲಿಗಿಂತ ಸುಮಾರು ಮೂರನೇ ಒಂದರಷ್ಟು ಜಾಸ್ತಿ ಕೇಳುತ್ತೇನೆ, ಕೊಡುತ್ತಾರೆ.

ಸ್ಪೀಕರೇ ಬೇಡ ಎನ್ನುವವರು ಕೊನ್ನಕ್ಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವುದು) ಕಲಿಯಿರಿ. ಕಪ್ ಮತ್ತು ಚೆಂಡಿನ ಐಟಂ ಪೂರ್ತಿ ‘ತಕದಿಮಿ ತಕಿಟ’ದ ಮೇಲೆ ಓಡುತ್ತದೆ, ಪ್ರೇಕ್ಷಕ ತಡ ಮಾಡಿದರೆ ಬಾಯಲ್ಲೇ ಒಂದು ಆವರ್ತ ಸೇರಿಸಬಹುದು. ತೊಂದರೆ ಒಂದೇ: ಕಷ್ಟದ ಕೈಚಳಕ ಬಂದಾಗ ಸೊಲ್ಲು ತಗ್ಗುತ್ತದೆ, ಕಿವಿಯಿರುವವರಿಗೆ ಅದೇ ಸುಳಿವು. ಸೊಲ್ಲು ಒಂದೇ ಮಟ್ಟದಲ್ಲಿ ಬರುವ ತನಕ ಬರಿಗೈಯಲ್ಲಿ ಅಭ್ಯಾಸ.

ಕಪ್ಪುಗಳ ಬದಲಿಗೆ ಜಲತರಂಗದ ಪಿಂಗಾಣಿ ಬಟ್ಟಲು ಹಾಕಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಬೋರಲು ಹಾಕಿದರೆ ದನಿಯೇ ಇಲ್ಲ, ಅದುರಬೇಕಾದ ಬಾಯಂಚು ಮ್ಯಾಟಿಗೆ ಕಚ್ಚಿಕೊಂಡಿರುತ್ತದೆ. ಅಂಚಿಗೆ ಸಮದೂರದಲ್ಲಿ ನಾಲ್ಕು ಫೆಲ್ಟ್ ಚುಕ್ಕೆ ಅಂಟಿಸಿ, ಎರಡು ಚುಕ್ಕೆಗಳ ಸರಿ ನಡುವೆ ಕಡ್ಡಿಯಿಂದ ತಟ್ಟಿ. ಚುಕ್ಕೆಗಳಿರುವಲ್ಲಿ ಅಂಚು ಅದುರುವುದು ತೀರಾ ಕಡಿಮೆ, ಹಾಗಾಗಿ ದನಿ ಬಿಟ್ಟುಕೊಳ್ಳುತ್ತದೆ. ಚುಕ್ಕೆಯ ಮೇಲೇ ತಟ್ಟಿದರೆ ಮತ್ತೆ ಮಂಕು. ಕೊನೆಯ ದೊಡ್ಡ ಲೋಡ್ (ಬಟ್ಟಲೊಳಗೆ ಗುಟ್ಟಾಗಿ ಸೇರಿಸಿದ ವಸ್ತು) ಒಳಗೋಡೆಗೆ ತಾಗಿದರೂ ಮಂಕೇ, ಯಾವ ಬಟ್ಟಲು ತುಂಬಿದೆ ಎಂದು ಸದ್ದೇ ಚಾಡಿ ಹೇಳುತ್ತದೆ. ಆ ದೋಷವೇ ಈಗ ನನ್ನ ಒಳ್ಳೆಯ ಐಟಂ: ಮಂಕು ಬಟ್ಟಲನ್ನು ಜನರೇ ತೋರಿಸುತ್ತಾರೆ, ಎತ್ತಿದರೆ ಖಾಲಿ. ಖಾಲಿ ಬಟ್ಟಲು ಮಂಕಾಗುವುದು ಹೇಗೆ ಎಂಬುದು ನನ್ನಲ್ಲೇ ಇರಲಿ.

ಪ್ರೇಕ್ಷಕರು ತಾಳ ಹಾಕತೊಡಗಿದರೆ ವೇಗ ಏರುತ್ತದೆ, 80 ಇದ್ದದ್ದು 95ಕ್ಕೆ ಹೋಗಿ ಲೂಪಿನ ಜೊತೆ ಜಗಳ. ಸಮಕ್ಕೆ ಮಾತ್ರ ಒಂದು ಚಪ್ಪಾಳೆ ಎಂದು ಮೊದಲೇ ಹೇಳಿಬಿಡಿ. ಆಗ ಅವರ ಕೈಗಳೂ ಸಮದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಎರಡನೇ ಅಕ್ಷರ ಇನ್ನಷ್ಟು ಸಡಿಲ. ಮಕ್ಕಳ ಗುಂಪಿನಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಲೂಪ್ ಬಿಟ್ಟು ಕೊನ್ನಕ್ಕೋಲ್‌ಗೆ ಇಳಿದು ಅವರ ವೇಗಕ್ಕೇ ಹೋಗುತ್ತೇನೆ. ಸಂಗೀತವನ್ನು ತಟ್ಟನೆ ನಿಲ್ಲಿಸಿದರೆ ಎಲ್ಲರ ಕಣ್ಣೂ ಸುಮಾರು ಒಂದು ಸೆಕೆಂಡು ಕೈ ಬಿಟ್ಟು ಮುಖಕ್ಕೆ ಬರುತ್ತದೆ, ಎಲೆಗಳ ಡೆಕ್ಕನ್ನೇ ಬದಲಾಯಿಸುವಷ್ಟು ಸಮಯ. ಒಂದು ಮೇಜಿಗೆ ಒಂದೇ ಸಲ. ಎರಡನೇ ಸಲ ನಿಲ್ಲಿಸಿದರೆ ನೇರ ಕೈಯನ್ನೇ ನೋಡುತ್ತಾರೆ.