ಪ್ರೆಸ್ಸಿನಲ್ಲಿ ನಾನಿಟ್ಟ ‘ಯಾವಾಗ’ ಪುಸ್ತಕ

ದಾವಣಗೆರೆಯ ಮಂಡಿಪೇಟೆ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ ನಮ್ಮ ಕೆಲಸ. ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ಜಾತ್ರೆ ಬಂತೆಂದರೆ ಹಗಲು ರಾತ್ರಿ ಗೊತ್ತಾಗಲ್ಲ. ಈ ಕಥೆ ನಡೆದಾಗ ನನ್ನ ಜೊತೆ ಇದ್ದವರು ನಾಲ್ಕು ಜನ. ಕಂಪ್ಯೂಟರ್ ಮುಂದೆ ಕೂರುವ ಡಿಸೈನರ್ ಹುಡುಗಿ, ಆಫ್‌ಸೆಟ್ ಮಷಿನ್ ಓಡಿಸುವ ಅಣ್ಣ, ಬೈಂಡಿಂಗ್ ಮಾಡುವ ಅಜ್ಜ, ಕೌಂಟರ್ ಹುಡುಗ. ನಾಲ್ವರೂ ನಾಲ್ಕು ದಿಕ್ಕು.

ಕೆಲವು ವರ್ಷದ ಹಿಂದೆ ಸಣ್ಣ ವ್ಯಾಪಾರಿಗಳಿಗೆ ಅಂತ ನಡೆದ ಎರಡು ದಿನದ ತರಬೇತಿಗೆ ಹೋಗಿದ್ದೆ. ಅಲ್ಲಿ ಒಂದು ಟೆಸ್ಟ್ ಕೊಟ್ಟರು. ಮನುಷ್ಯರಲ್ಲಿ ನಾಲ್ಕು ಥರ, ನಾಲ್ಕಕ್ಕೂ ಒಂದೊಂದು ಬಣ್ಣ. ಕೆಂಪು ಅಂದರೆ ಗದರುವವರು, ಹಳದಿ ಮಾತಿನ ಮಲ್ಲರು, ಹಸಿರು ತಣ್ಣಗಿರುವವರು, ನೀಲಿ ಲೆಕ್ಕಾಚಾರದವರು. ನನಗೆ ಭಾರಿ ಖುಷಿಯಾಯಿತು. ಊಟದ ಹೊತ್ತಿಗೆಲ್ಲ ನನ್ನ ನಾಲ್ವರನ್ನೂ ನಾಲ್ಕು ಬಣ್ಣಕ್ಕೆ ಹಂಚಿ ಆಗಿತ್ತು. ವಾಪಸ್ ಬಂದವನೇ ಚಾರ್ಟ್ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದೆ. ಪ್ರೆಸ್ ನಮ್ಮದೇ ಅಲ್ವಾ!

ಒಂದು ವಾರ ಎಲ್ಲರೂ ನಕ್ಕರು. ಆಮೇಲೆ ತಮಾಷೆ ಕೆಟ್ಟಿತು. ಸಂಜೆ ಕ್ಯಾಶ್ ತಾಳೆಯಾಗದಿದ್ದರೆ ಕೌಂಟರ್ ಹುಡುಗ, “ನಾನು ಹಳದಿ ಅಲ್ವೇನ್ರಿ ಸರ್, ಲೆಕ್ಕ ನನಗೆ ಹತ್ತಲ್ಲ” ಅನ್ನತೊಡಗಿದ. ಮಷಿನ್ ಅಣ್ಣ ಯಾರ ಮೇಲಾದರೂ ಹಾರಿಬಿದ್ದರೆ, “ಕೆಂಪು, ಬಿಡ್ರಿ” ಎಂದು ನಾವೇ ಸುಮ್ಮನಾಗುತ್ತಿದ್ದೆವು. ಯಾಕೆ ಹಾರಿಬಿದ್ದ ಅಂತ ಯಾರೂ ಕೇಳಲಿಲ್ಲ.

ಚಾರ್ಟ್ ನೋಡಿ ಮೊದಲು ಮೂಗೆಳೆದಿದ್ದು ಮಷಿನ್ ಅಣ್ಣನೇ. “ನಮ್ಮ ಹತ್ರನೂ ನಾಲ್ಕೇ ಇಂಕ್ ಇರೋದು. ಅದರಲ್ಲೇ ಎಲ್ಲರ ಫೋಟೊ ಬರ್ತದೆ. ಹಂಗಂತ ಯಾರ ಮುಖಾನೂ ಬರೀ ಹಳದಿ ಇರಲ್ಲ” ಅಂದ. ಲೂಪ್ (ಪ್ರೆಸ್ಸಿನ ಸಣ್ಣ ಭೂತಗನ್ನಡಿ) ಹಿಡಿದು ಯಾವುದಾದರೂ ಅಚ್ಚಾದ ಫೋಟೊ ನೋಡಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಎಲ್ಲ ಕಡೆ ಇರುತ್ತವೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ಅಷ್ಟೇ.

ಈ ಮಾತನ್ನು ಮನೆಯಲ್ಲಿ ಹೇಳಿದೆ. ಬಿ.ಎ.ಯಲ್ಲಿ ಸೈಕಾಲಜಿ ಓದುತ್ತಿದ್ದ ಮಗಳು, “ಅಪ್ಪ, ನಿಮ್ಮ ಮಷಿನ್ ಮಾಮ ಹೇಳಿದ್ದು ಸರಿ” ಅಂದಳು. ನಾಲ್ಕು ಥರದ ಮನುಷ್ಯರು ಅನ್ನೋದು ಗ್ರೀಕರ ಕಾಲದ ಹಳೇ ಲೆಕ್ಕವಂತೆ. ನಮ್ಮ ಕಡೆ ವಾತ, ಪಿತ್ತ, ಕಫ ಅಂದ ಹಾಗೆ ಅಲ್ಲಿ ರಕ್ತ, ಕಫ, ಎರಡು ಬಗೆಯ ಪಿತ್ತ. 1921ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಒಳಮುಖಿ, ಹೊರಮುಖಿ ಅಂತ ವಿಂಗಡಿಸಿ ಬರೆದ. ಅದನ್ನು ಹಿಡಿದು ಅಮೆರಿಕದ ತಾಯಿ–ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, 16 ಥರ ಮಾಡಿ ಒಂದು ಟೆಸ್ಟ್ ಕಟ್ಟಿದರು. ಆ ಟೆಸ್ಟ್ ಇವತ್ತಿಗೂ ಕಂಪನಿಗಳಲ್ಲಿ ಓಡುತ್ತೆ, ಆದರೆ ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನರ ಥರ ಬದಲಾಗಿರುತ್ತೆ. ಈಗಿನ ಸಂಶೋಧಕರು ಹೆಚ್ಚಾಗಿ ನಂಬುವುದು ಐದು ಅಳತೆಗಳನ್ನು. ಹೊಸದರ ಕಡೆ ಒಲವು, ಅಚ್ಚುಕಟ್ಟು, ಜನರ ಜೊತೆ ಬೆರೆಯುವುದು, ಹೊಂದಿಕೊಳ್ಳುವುದು, ಬೇಗ ಕಳವಳಪಡುವುದು. ಐದೂ ಎಲ್ಲರಲ್ಲಿ ಇರುತ್ತವೆ, ಪ್ರಮಾಣ ಬೇರೆ. ಚುಕ್ಕಿ ಲೆಕ್ಕವೇ!

ಅವಳು ಇನ್ನೊಂದು ಕಥೆ ಹೇಳಿದಳು. 1948ರಲ್ಲಿ ಬರ್ಟ್ರಾಮ್ ಫೋರರ್ ಅನ್ನೋ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ಟೆಸ್ಟ್ ಮಾಡಿ, “ಇದು ನಿನ್ನ ಸ್ವಭಾವ” ಅಂತ ಒಂದೊಂದು ಚೀಟಿ ಕೊಟ್ಟರಂತೆ. ಎಷ್ಟು ಸರಿ ಇದೆ ಅಂತ 5ಕ್ಕೆ ಅಂಕ ಕೇಳಿದರೆ ಸರಾಸರಿ 4.26 ಬಂತು. ನೋಡಿದರೆ ಎಲ್ಲರಿಗೂ ಕೊಟ್ಟಿದ್ದು ಒಂದೇ ಚೀಟಿ. ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು.

ನನಗೆ ಸುಮ್ನೆ ಇರಲಾಗಲಿಲ್ಲ. ಮಾರನೇ ದಿನ ನಾನೂ ಅಂಥದ್ದೊಂದು ಚೀಟಿ ಅಚ್ಚು ಹಾಕಿದೆ. “ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಆಗಾಗ ಚಿಂತೆ ಮಾಡುತ್ತೀರಿ. ನಿಮ್ಮ ಒಳ್ಳೇತನವನ್ನು ಕೆಲವರು ದುರುಪಯೋಗ ಮಾಡಿಕೊಂಡಿದ್ದಾರೆ. ನಿಮ್ಮ ಶಕ್ತಿ ಇನ್ನೂ ಪೂರ್ತಿ ಹೊರಬಂದಿಲ್ಲ.” ಮಡಚಿ ನಾಲ್ವರಿಗೂ ಕೊಟ್ಟೆ. ಮೂವರು ಒಪ್ಪಿದರು. ಕೌಂಟರ್ ಹುಡುಗನ ಕಣ್ಣು ತುಂಬಿದ್ದವು. ಬೈಂಡಿಂಗ್ ಅಜ್ಜ ಮಾತ್ರ ಕನ್ನಡಕ ಏರಿಸಿ ಓದಿ, “ಇದು ನಮ್ಮ ಮನೆಯಾಕೆಗೂ ಸರಿಹೋಗ್ತದೆ, ನಿಮಗೂ ಸರಿಹೋಗ್ತದೆ” ಎಂದು ಚೀಟಿ ವಾಪಸ್ ಕೊಟ್ಟ. ಅವತ್ತೇ ಗೋಡೆಯ ಚಾರ್ಟ್ ಹರಿದೆ.

ಚಾರ್ಟ್ ಹೋದರೂ ನನ್ನ ತಲೆಯೊಳಗಿನ ಬಣ್ಣಗಳು ಹೋಗಿರಲಿಲ್ಲ. ಅದಕ್ಕೆ ಒಂದು ಮದುವೆ ಕಾರ್ಡೇ ಬರಬೇಕಾಯಿತು.

ವೈಶಾಖದ ಸೀಸನ್. 600 ಕಾರ್ಡು, 300 ಜಿಎಸ್‌ಎಂನ ದಪ್ಪ ಬೋರ್ಡು, ಗೋಲ್ಡ್ ಫಾಯಿಲ್. ಎಲ್ಲ ಮುಗಿದು ಕಟ್ಟು ಕಟ್ಟಿದ ಮೇಲೆ ಮದುಮಗನ ಮಾವ ಬಂದು ಒಂದೇ ನಿಮಿಷದಲ್ಲಿ ಹಿಡಿದರು. ತಾರೀಖು ಸರಿ ಇದೆ, ವಾರ ತಪ್ಪು. ಶುಕ್ರವಾರದ ಮುಹೂರ್ತಕ್ಕೆ ಗುರುವಾರ ಅಂತ ಅಚ್ಚಾಗಿದೆ. ಮತ್ತೆ ಅಚ್ಚು ಹಾಕುವಾಗ ಕೈಯಿಂದ 11 ಸಾವಿರ ಹೋಯಿತು. ಸಂಜೆ ಡಿಸೈನರ್ ಹುಡುಗಿಯನ್ನು ಕೇಳಿದೆ, “ನಿನಗೆ ಕಾಣಲಿಲ್ವಾ?”

“ಕಂಡಿತ್ತು ಸರ್.”

“ಮತ್ತೆ ಹೇಳೋದಲ್ವಾ?”

“ನೀವು ಕೇಳ್ಲಿಲ್ಲಲ್ರಿ. ಅಚ್ಚಿನ ಪ್ಲೇಟ್‌ಗೆ ಕೊಡು, ಕೊಡು ಅಂತ ನಿಂತಿದ್ರಿ. ಪಾರ್ಟಿನೂ ಅಲ್ಲೇ ಇದ್ರು. ಅವರೇ ಬರೆದುಕೊಟ್ಟಿದ್ದು, ಅವರಿಗೆ ಗೊತ್ತಿರುತ್ತೆ ಅಂದ್ಕೊಂಡೆ.”

ಮೊದಲು ಸಿಟ್ಟು ಬಂತು. ರಾತ್ರಿ ಯೋಚಿಸಿದಾಗ ಬೇರೇನೋ ಕಂಡಿತು. ಮೂರು ವರ್ಷದಿಂದ ಅವಳನ್ನು ಮಾತಿಲ್ಲದವಳು, ಕೆಲಸದ ಮೇಲೆ ಪ್ರೀತಿ ಇಲ್ಲದವಳು ಅಂದುಕೊಂಡಿದ್ದೆ. ಆದರೆ ಅಜ್ಜನ ಜೊತೆ ಊಟಕ್ಕೆ ಕೂತಾಗ ಅವಳು ಬಾಯಿ ತುಂಬಾ ಮಾತಾಡುವುದನ್ನು ನಾನೇ ಕೇಳಿದ್ದೇನೆ. ಹಾಗಾದರೆ ಬಾಯಿ ಕಟ್ಟುವುದು ಯಾವಾಗ?

ಆವಾಗ ಒಂದು ನೋಟ್‌ಬುಕ್ ಇಟ್ಟೆ. ಎಂಥವರು ಅಂತ ಬರೆಯಬಾರದು, ಯಾವಾಗ ಅಂತ ಮಾತ್ರ ಬರೆಯಬೇಕು. ‘ಸಿಟ್ಟಿನವನು’, ‘ಸೋಮಾರಿ’ ಪದಗಳಿಗೆ ಅದರಲ್ಲಿ ಜಾಗ ಇಲ್ಲ. ಕಣ್ಣಿಗೆ ಕಂಡದ್ದು, ಹೊತ್ತು, ಅದಕ್ಕೆ ಮುಂಚೆ ಏನು ನಡೆಯಿತು. ಒಂದು ಪುಟ ಹೀಗಿದೆ: “11.20. ಸ್ಪ್ಯಾನರ್ ಮೇಜಿನ ಮೇಲೆ ಎಸೆದ. ಮುಂಚೆ: ಬಿಲ್ ಬುಕ್ ನಿಲ್ಲಿಸಿ ಅರ್ಜೆಂಟ್ ಕರಪತ್ರ ಹಾಕು ಅಂತ ನಾನು ಹೇಳಿದೆ.”

ಒಂದೂವರೆ ತಿಂಗಳಲ್ಲಿ ಮಷಿನ್ ಅಣ್ಣನ ಹೆಸರಿನಲ್ಲಿ ಒಂಬತ್ತು ಸಲ ಬರೆದಿದ್ದೆ. ಅದರಲ್ಲಿ ಏಳು ಸಲದ ‘ಮುಂಚೆ’ ಒಂದೇ ಥರ. ನಾನು ಅರ್ಧದಲ್ಲಿ ಕೆಲಸ ಬದಲಿಸಿದ್ದೆ. ನಮ್ಮದು ಒಂದು ಸಲಕ್ಕೆ ಒಂದೇ ಬಣ್ಣ ಹಾಕುವ ಮಷಿನ್. ಕಪ್ಪು ಇಂಕ್ ಓಡುತ್ತಿರುವಾಗ ಹಳದಿ ಹಾಕು ಅಂದರೆ ರೋಲರ್ ಎರಡು ಸಲ ತೊಳೆಯಬೇಕು. ಸರಿಯಾಗಿ ತೊಳೆಯದಿದ್ದರೆ ಹಳದಿ ಹೋಗಿ ಹಸಿರು ಹಸಿರಾಗಿ ಬೀಳುತ್ತೆ. ಮುಕ್ಕಾಲು ಗಂಟೆ ಬಗ್ಗಿ ಕೆಲಸ ಮಾಡುವವನು ಅವನು, “ಒಂದೈದು ನಿಮಿಷದ್ದು” ಅಂತ ಹೇಳಿ ಹೋಗುವವನು ನಾನು. ನಾನು ಇಪ್ಪತ್ತು ವರ್ಷದಿಂದ ಪ್ರೆಸ್ ನಡೆಸುವವನು ಅಂತ ಇಲ್ಲಿ ಬರೆಯಲಿಕ್ಕೇ ನಾಚಿಕೆ.

ಈಗ ಬೆಳಿಗ್ಗೆ ಹತ್ತಕ್ಕೆ ಬೋರ್ಡಿನ ಮೇಲೆ ಆ ದಿನದ ಕೆಲಸ ಬರೆಯುತ್ತೇವೆ. ತಿಳಿ ಬಣ್ಣ ಮೊದಲು, ಕಪ್ಪು ಕೊನೆಗೆ. ಅರ್ಜೆಂಟ್ ಬಂದರೆ ಊಟದ ನಂತರ, ಅದೂ ಅವನನ್ನು ಕೇಳಿ. ಅವನೇನೂ ಸಾಧು ಆಗಿಲ್ಲ. ಕರೆಂಟ್ ಹೋದರೆ ಈಗಲೂ ಇಡೀ ಗಲ್ಲಿಗೆ ಕೇಳುವಂತೆ ಬೈಯುತ್ತಾನೆ. ಅದು ಅವನ ಪಾಲಿನ ಚುಕ್ಕಿ, ಇರಲಿ.

ಡಿಸೈನರ್ ಹುಡುಗಿಯ ಪುಟಗಳಲ್ಲೂ ಒಂದು ದಾರಿ ಕಂಡಿತು. ಗಿರಾಕಿ ಎದುರಿಗಿದ್ದರೆ, ನಾನು ಬೆನ್ನ ಹಿಂದೆ ನಿಂತಿದ್ದರೆ ಬಾಯಿ ಬಿಡಲ್ಲ. ಒಬ್ಬಳೇ ಇದ್ದರೆ ಮರೆಯದೆ ಹೇಳುತ್ತಾಳೆ. “ಧೈರ್ಯವಾಗಿ ಮಾತಾಡಮ್ಮ” ಅಂತ ಬುದ್ಧಿ ಹೇಳುವುದು ಸುಲಭ. ಅದನ್ನೂ ಮಾಡಿ ನೋಡಿದ್ದೆ, ಇನ್ನೂ ಮುದುಡಿದಳು. ಆಮೇಲೆ ಪ್ರತಿ ಕೆಲಸದ ಕಾಗದ ಹಾಕಿಡುವ ಜಾಬ್ ಕವರಿನ ಮೇಲೆ ‘ಅನುಮಾನ’ ಅಂತ ಒಂದು ಖಾಲಿ ಚೌಕ ಅಚ್ಚು ಹಾಕಿಸಿದೆ. ಅದರಲ್ಲಿ ಏನಾದರೂ ಬರೆಯದೆ ಪ್ಲೇಟ್‌ಗೆ ಹೋಗುವ ಹಾಗಿಲ್ಲ. ಏನೂ ಇಲ್ಲದಿದ್ದರೆ ‘ಇಲ್ಲ’ ಅಂತಲಾದರೂ ಬರೆಯಬೇಕು. ಬರೆಯುವ ಹೊತ್ತಿಗೆ ನಾನು ಅಲ್ಲಿರಬಾರದು, ಚಹಾಕ್ಕೆ ಹೋಗಬೇಕು. ಇದು ಅಜ್ಜನ ಸಲಹೆ.

ಎರಡನೇ ವಾರದಲ್ಲೇ ಒಂದು ಕವರ್ ಮೇಲೆ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು: “ವಧು ದ್ವಿತೀಯ ಪುತ್ರಿ ಅಂತಿದೆ. ಹೋದ ವರ್ಷ ಇದೇ ಮನೆಯ ಕಾರ್ಡಿನಲ್ಲೂ ದ್ವಿತೀಯ ಪುತ್ರಿ ಅಂತಿತ್ತು.” ಫೋನ್ ಮಾಡಿದೆ. ಆ ಕಡೆ ಒಂದು ಗಳಿಗೆ ಮೌನ, ಆಮೇಲೆ ಜೋರು ನಗು. ಈ ಹುಡುಗಿ ತೃತೀಯ ಪುತ್ರಿ. ಹಳೇ ಕಾರ್ಡ್ ನೋಡಿ ಬರೆದುಕೊಟ್ಟಿದ್ದರಂತೆ. ಹೋದ ವರ್ಷದ ಕಾರ್ಡನ್ನು ನೆನಪಿಟ್ಟವಳಿಗೆ ನಾನು ಕೆಲಸದ ಮೇಲೆ ಪ್ರೀತಿ ಇಲ್ಲ ಅಂದಿದ್ದೆ.

ಕೌಂಟರ್ ಹುಡುಗನ ವಿಷಯದಲ್ಲಿ ನಾನು ಗೆಲ್ಲಲಿಲ್ಲ. ಯಾರು ಕೇಳಿದರೂ “ನಾಳೆ ಸಂಜೆ ಕೊಡ್ತೀವಿ” ಅಂದುಬಿಡುತ್ತಿದ್ದ. ಎದುರಿಗಿರುವವರ ಮುಖ ಸಪ್ಪಗಾಗುವುದನ್ನು ಅವನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಬೋರ್ಡ್ ನೋಡಿಯೇ ತಾರೀಖು ಕೊಡು ಅಂದೆ, ಎರಡು ದಿನ ನೋಡಿದ. ಕೊನೆಗೆ ಪಿ.ಜೆ. ಬಡಾವಣೆಯ ಒಂದು ಮೊಬೈಲ್ ಅಂಗಡಿ ಸೇರಿದ. ಅಲ್ಲಿ ಚೆನ್ನಾಗಿದ್ದಾನೆ. ಅಲ್ಲಿ ಯಾರಿಗೂ ರೋಲರ್ ತೊಳೆಯುವ ಕೆಲಸ ಇಲ್ಲವಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ನೋಟ್‌ಬುಕ್ಕನ್ನು ನಾನು ಡ್ರಾಯರಿನಲ್ಲಿ ಬಚ್ಚಿಡುತ್ತಿರಲಿಲ್ಲ, ಯಾರು ಬೇಕಾದರೂ ಓದಬಹುದಿತ್ತು. ಒಂದು ದಿನ ತೆರೆದರೆ ಕೊನೆಯ ಪುಟದಲ್ಲಿ ಮೂರು ಥರದ ಕೈಬರಹ. ಮೇಲೆ ನನ್ನ ಹೆಸರು. “3.40. ಫೋನ್ ಕುಕ್ಕಿದರು. ಮುಂಚೆ: ಊಟ ಮಾಡಿಲ್ಲ.” “4.10. ಅಜ್ಜನಿಗೆ ಗದರಿದರು. ಮುಂಚೆ: ಊಟ ಮಾಡಿಲ್ಲ.” ಹೀಗೆ ಆರು ಸಾಲು.

ಆವತ್ತಿನಿಂದ ಒಂದು ಪದ್ಧತಿ ಶುರುವಾಗಿದೆ. ಮಧ್ಯಾಹ್ನ ನಾನು ಹೇಳದೇ ನನ್ನ ಮೇಜಿಗೆ ಖಾರ ಮಂಡಕ್ಕಿ, ಎರಡು ಬಿಸಿ ಮಿರ್ಚಿ ಬಂತು ಅಂದರೆ, ಒಳಗೆ ಯಾವುದೋ ಪ್ಲೇಟ್ ಹಾಳಾಗಿದೆ ಅಂತ ಅರ್ಥ. ತಿಂದು ಮುಗಿಸಿದ ಮೇಲೆ ಅಜ್ಜ ಬಂದು ಹೇಳುತ್ತಾನೆ.