ಗೊಂಬೆ ಕೂರಿಸಿ, ಆದರೆ ಮನೆಮಂದಿ ಸುಸ್ತಾಗದ ಹಾಗೆ

ದಸರಾ ಹತ್ತಿರ ಬಂದರೆ ಸಾಕು, ಮೈಸೂರಿನ ಹೆಂಗಸರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ಈ ಸಲ ನಿಮ್ಮನೆ ಗೊಂಬೆ ಥೀಮ್ ಏನು? ಒಬ್ಬರು ರಾಮಾಯಣ ಪೂರ್ತಿ ಮಾಡುತ್ತಾರೆ, ಇನ್ನೊಬ್ಬರು ತಿರುಪತಿ ಬೆಟ್ಟವನ್ನೇ ಹಾಲ್‌ಗೆ ತಂದು ಕೂರಿಸುತ್ತಾರೆ. ನೋಡಿದ ಕೂಡಲೇ ನಮಗೂ ಕೈ ತುರಿಸುತ್ತದೆ. ಆದರೆ ಅದೇ ಸಮಯಕ್ಕೆ ಮಕ್ಕಳ ಪರೀಕ್ಷೆ ಬರುತ್ತದೆ, ಆಫೀಸಿನಲ್ಲಿ ರಜೆ ಸಿಗುವುದಿಲ್ಲ, ಜಂಬೂ ಸವಾರಿ ನೋಡಬೇಕು ಅಂತ ಬೆಂಗಳೂರಿನ ನೆಂಟರು ಫೋನ್ ಮಾಡಿ 'ನಿಮ್ಮನೆಗೇ ಬರ್ತೀವಿ' ಅಂದಿರುತ್ತಾರೆ. ಎಲ್ಲಾ ಒಟ್ಟಿಗೆ ಮೈಮೇಲೆ ಬಿದ್ದಾಗ ಹಬ್ಬದ ಮನೆಯಲ್ಲಿ ಬರೀ ಕಿರುಚಾಟ.

ಹಾಗಾಗಿ ನಾನು ಹೇಳುವುದು ಇಷ್ಟೇ. ವರ್ಷಕ್ಕೆ ಹೊಸದು ಒಂದೇ ಮಾಡಿ. ಒಂದೇ ಒಂದು ದೃಶ್ಯ, ಕೈಯಾರೆ, ಮನೆಯವರೆಲ್ಲ ಸೇರಿ. ಮಿಕ್ಕಿದ್ದೆಲ್ಲ ಹೋದ ವರ್ಷದ್ದೇ ಇರಲಿ. ನೋಡುವವರಿಗೆ ಹಳೇ ಗೊಂಬೆ ಬೇಜಾರಾಗುವುದಿಲ್ಲ, ನಿಜ ಹೇಳಬೇಕೆಂದರೆ 'ಅಯ್ಯೋ ಈ ಪೊಲೀಸ್ ಗೊಂಬೆ ಇನ್ನೂ ಇದೆಯಾ' ಅಂತ ಕೇಳುವುದೇ ಅರ್ಧ ಖುಷಿ. ಐಡಿಯಾ ಬೇಕಿದ್ದರೆ ನಜರ್‌ಬಾದ್‌ನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2005ರಿಂದ ನಡೆಸುತ್ತಿರುವ ಬೊಂಬೆ ಮನೆಗೆ ಒಮ್ಮೆ ಹೋಗಿ ಬನ್ನಿ. ಹೋಗಿ ನೋಡಿ, ಮಕ್ಕಳಿಗೂ ತೋರಿಸಿ, ಆದರೆ ಅಷ್ಟನ್ನೂ ಮನೆಯಲ್ಲಿ ಮಾಡಲು ಹೋಗಬೇಡಿ.

ಯಾವಾಗ ಶುರು ಮಾಡಬೇಕು

ಗಣೇಶನನ್ನು ಬಿಟ್ಟ ಮೇಲೆ ಪಿತೃಪಕ್ಷ ಬರುತ್ತದಲ್ಲ, ಆ ಹದಿನೈದು ದಿನವೇ ಕ್ರಾಫ್ಟ್ ಕೆಲಸಕ್ಕೆ ಸರಿಯಾದ ಕಾಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಕರೆಯುವುದಿಲ್ಲ. ಭಾನುವಾರಗಳು ಖಾಲಿ ಸಿಗುವುದು ಅಪರೂಪ. ಪಕ್ಷದಲ್ಲಿ ಗೊಂಬೆ ಪೆಟ್ಟಿಗೆ ತೆಗೆಯಬಾರದು ಅಂತ ನಿಮ್ಮ ಅತ್ತೆ ಹೇಳಿದರೆ ವಾದ ಬೇಡ. ಪೆಟ್ಟಿಗೆ ಅಟ್ಟದ ಮೇಲೇ ಇರಲಿ, ರಟ್ಟು ಕತ್ತರಿಸುವುದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ. ಮಂಡ್ಯದ ಕಡೆ ಪಕ್ಷದ ಹಬ್ಬವೇ ದೊಡ್ಡದು, ಎಡೆ ಇಡುವ ದಿನ ಮನೆ ತುಂಬ ಜನ ಇರುತ್ತಾರೆ, ಆ ದಿನವನ್ನು ಮಾತ್ರ ಲೆಕ್ಕದಿಂದ ಬಿಟ್ಟುಬಿಡಿ. ಮಹಾಲಯ ಅಮಾವಾಸ್ಯೆ ಕಳೆದ ಮಾರನೇ ದಿನ ಪಾಡ್ಯ, ಅವತ್ತೇ ಕೂರಿಸಬೇಕು. ಅಮಾವಾಸ್ಯೆ ಹೊತ್ತಿಗೆ ಕೈಕೆಲಸವೆಲ್ಲ ಮುಗಿದಿರಲಿ.

ಇನ್ನೊಂದು ಗಡುವೂ ಇದೆ, ತುಂಬ ಜನ ಇದನ್ನು ಮರೆಯುತ್ತಾರೆ. ಆಯುಧ ಪೂಜೆಗೆ ಕತ್ತರಿ, ಹೊಲಿಗೆ ಮಿಷನ್, ಗ್ಲೂ ಗನ್ ಎಲ್ಲವನ್ನೂ ಇಟ್ಟು ಪೂಜೆ ಮಾಡಿದಿರಿ ಅಂದರೆ ತೆಗೆಯುವವರೆಗೂ ಅವನ್ನು ಮುಟ್ಟುವಂತಿಲ್ಲ. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟ ಮೇಲೆ ಮಕ್ಕಳು ಓದುವುದಿಲ್ಲ, ಅದಕ್ಕೆ ಅವರ ತಕರಾರು ಯಾವತ್ತೂ ಇಲ್ಲ ಬಿಡಿ. 'ಆಮೇಲೆ ನಡುವೆ ಸೇರಿಸೋಣ' ಅಂತ ಉಳಿಸಿಕೊಂಡ ಕೆಲಸ ಏನಿದ್ದರೂ ನವಮಿಗೆ ಮುಂಚೆ ಮುಗಿಸಿ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಹಾಕಿ.

ಮೆಟ್ಟಿಲು ಮತ್ತು ಪಟ್ಟದ ಗೊಂಬೆ

ಮೆಟ್ಟಿಲು ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆಯಲ್ಲಿರಬೇಕು. ಎರಡು ರೂಮಿನ ಮನೆಯಲ್ಲಿ ಮೂರೇ ಸಾಕು, ನಡೆಯಲು ಜಾಗ ಬೇಕಲ್ವಾ. ಅಂಗಡಿಯಲ್ಲಿ ಮಡಚುವ ಕಬ್ಬಿಣದ ಸ್ಟ್ಯಾಂಡ್ ಸಿಗುತ್ತದೆ. ಅದಿಲ್ಲದಿದ್ದರೆ ಬೆಂಚು, ಟ್ರಂಕು, ಪುಸ್ತಕ ತುಂಬಿದ ಗಟ್ಟಿ ಡಬ್ಬ ಜೋಡಿಸಿ ಮೇಲೆ ಬಿಳಿ ಪಂಚೆ ಹಾಸಿ. ಜೋಡಿಸಿದ ಮೇಲೆ ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಈ ಕೆಲಸ ಮನೆಯವರಿಗೆ ಮತ್ತು ದೊಡ್ಡ ಮಗನಿಗೆ ಒಪ್ಪಿಸಿ ಅಡುಗೆಮನೆಗೆ ಹೋಗಿಬಿಡಿ. ಪಕ್ಕದಲ್ಲಿ ನಿಂತು ಹೇಳುತ್ತಾ ಹೋದರೆ ಅವರೂ ಮಾಡುವುದಿಲ್ಲ, ನಿಮ್ಮ ಕೆಲಸವೂ ಆಗುವುದಿಲ್ಲ.

ಪಟ್ಟದ ಗೊಂಬೆ ಅಂದರೆ ಮರದ ರಾಜ ರಾಣಿ, ಮದುವೆಯಲ್ಲಿ ತವರಿನಿಂದ ಬರುವ ಜೋಡಿ, ಮೇಲಿನ ಮೆಟ್ಟಿಲು ಅವರದೇ. ಅವರಿಗೆ ಬಟ್ಟೆ ಉಡಿಸುವುದು ಅತ್ತೆಗೂ ಮೊಮ್ಮಗಳಿಗೂ ಬಿಡಿ. ಹಳೇ ಸೀರೆಯ ಜರಿ ಅಂಚು ಕತ್ತರಿಸಿಕೊಂಡು, ಬೆರಳಗಲದ ನೆರಿಗೆ ಹಿಡಿದು, ನೆರಿಗೆಯ ಮೇಲ್ಭಾಗವನ್ನು ನೂಲಿನಲ್ಲಿ ಓಡುಹೊಲಿಗೆ ಹಾಕಿ ಎಳೆದರೆ ಸೊಂಟಕ್ಕೆ ಸರಿಯಾಗಿ ಕೂರುತ್ತದೆ. ಸೆರಗಿಗೆ ಚಿಕ್ಕ ಗುಂಡುಸೂಜಿ, ಅದೂ ಬಟ್ಟೆಯಿಂದ ಬಟ್ಟೆಗೆ. ಅಂಟು ಮಾತ್ರ ಬೇಡವೇ ಬೇಡ. ಬಿಚ್ಚುವಾಗ ಹಳೇ ಬಣ್ಣ ಅದರ ಜೊತೆಗೇ ಎದ್ದು ಬರುತ್ತದೆ.

ಕೆಳಗಿನ ಮೆಟ್ಟಿಲು ಚಿಕ್ಕ ಮಕ್ಕಳದ್ದು. ಮುಟ್ಟಬೇಡ, ಮುಟ್ಟಬೇಡ ಅಂತ ಒಂಬತ್ತು ದಿನ ಕೂಗುವುದಕ್ಕಿಂತ ಅಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ ಇಟ್ಟುಬಿಡಿ, ಮರದ್ದಾದ್ದರಿಂದ ಬಿದ್ದರೂ ಒಡೆಯುವುದಿಲ್ಲ. ಶೆಟ್ಟಿ ಶೆಟ್ಟಮ್ಮನ ಅಂಗಡಿಯೂ ಅಲ್ಲೇ ಇರಲಿ. ಪುಟ್ಟ ಬಟ್ಟಲಿಗೆ ಅಕ್ಕಿ, ಬೇಳೆ, ರಾಗಿ ತುಂಬುವುದು ಮಕ್ಕಳ ಕೆಲಸ, ದಿನಾ ಸಂಜೆ ಚೆಲ್ಲುವುದೂ ಅವರ ಕೆಲಸವೇ.

ಈ ಸಲದ ಒಂದು ಹೊಸದು: ಕನ್ನಂಬಾಡಿ ಕಟ್ಟೆ

ಉದಾಹರಣೆಗೆ ಇದನ್ನೇ, ಅಂದರೆ ಕೆಆರ್‌ಎಸ್ ಅಣೆಕಟ್ಟನ್ನೇ ಹಿಡಿಯೋಣ. ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರದ್ದು ಯಾವುದಿದೆ? ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿದ್ದು, ಕಟ್ಟಿದ್ದು ಸಿಮೆಂಟಿನಲ್ಲಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಅಂತ ಮಾಡುತ್ತಾ ಮಾಡುತ್ತಾ ಮಕ್ಕಳಿಗೆ ಹೇಳಬಹುದು.

ಕಟ್ಟೆಗೆ ಫ್ರಿಜ್ಜೋ ಟಿವಿಯೋ ಬಂದ ದಪ್ಪ ರಟ್ಟು ಸಾಕು. ಒಂದು ಮೊಳ ಉದ್ದ, ಗೇಣು ಎತ್ತರ. ಅದರ ಮೇಲೆ ಮೆತ್ತುವುದಕ್ಕೆ ನಮ್ಮ ಅಜ್ಜಿಯರ ಕಾಗದ ಮೆಂತ್ಯದ ಹಿಟ್ಟು, ಮೊರಕ್ಕೂ ಬುಟ್ಟಿಗೂ ಬಳಿಯುತ್ತಿದ್ದರಲ್ಲ, ಅದೇ. ಹಳೇ ಪೇಪರನ್ನು ಚೂರು ಚೂರು ಹರಿದು ಎರಡು ದಿನ ನೀರಿನಲ್ಲಿ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸಿ. ಹರಿಯುವುದನ್ನು ಮಕ್ಕಳಿಗೆ ಕೊಟ್ಟರೆ ಒಂದು ಸಂಜೆ ನಿಶ್ಶಬ್ದ. ಒಂದು ಹಿಡಿ ಮೆಂತ್ಯ ರಾತ್ರಿ ನೆನೆಸಿ ಬೆಳಗ್ಗೆ ನುಣ್ಣಗೆ ರುಬ್ಬಿ, ಅದು ಲೋಳೆಯಾಗಿ ನೊರೆನೊರೆಯಾಗಿ ಉಬ್ಬುತ್ತದೆ. ಕಾಗದವನ್ನು ಮಿಕ್ಸಿಯ ಹಳೇ ಜಾರಿನಲ್ಲಿ, ಸ್ವಲ್ಪ ಸ್ವಲ್ಪವೇ, ನೀರು ಜಾಸ್ತಿ ಹಾಕಿ ತಿರುಗಿಸಿ. ಗಟ್ಟಿಯಾಗಿ ಹಾಕಿದರೆ ಮೋಟಾರ್ ಹೋಗುತ್ತದೆ, ಹಬ್ಬದ ಹೊತ್ತಲ್ಲಿ ಮಿಕ್ಸಿ ಕೆಟ್ಟರೆ ಮನೆ ಮನೆಯಾಗಿ ಉಳಿಯುವುದಿಲ್ಲ. ಆಮೇಲೆ ಬಟ್ಟೆಯಲ್ಲಿ ಹಿಂಡಿ, ಮೆಂತ್ಯ ಸೇರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ ರಟ್ಟಿನ ಮೇಲೆ ತೆಳ್ಳಗೆ ಒತ್ತಿ. ಒದ್ದೆ ಇರುವಾಗಲೇ ಚಮಚದ ಹಿಡಿಯಿಂದ ಗೀಟು ಎಳೆದರೆ ಕಲ್ಲು ಜೋಡಿಸಿದ ಹಾಗೆ ಕಾಣುತ್ತದೆ. ಆ ತಿಂಗಳಲ್ಲಿ ಮಳೆ ಬರುವುದು ಮಾಮೂಲು, ಬಿಸಿಲು ನಂಬಿ ಕೂರಬೇಡಿ, ಫ್ಯಾನ್ ಕೆಳಗೆ ಇಡಿ. ಮೂರ್ನಾಲ್ಕು ದಿನ ಮನೆಯೆಲ್ಲ ಮೆಂತ್ಯದ ವಾಸನೆ ಇರುತ್ತದೆ, ಸಹಿಸಿಕೊಳ್ಳಿ. ಬಿರುಕು ಬಿಟ್ಟ ಕಡೆ ಅದೇ ಹಿಟ್ಟನ್ನು ನೀರು ಮಾಡಿ ಸವರಿ. ಪೂರ್ತಿ ಒಣಗಿದ ಮೇಲೆ ಒಂದು ಕೋಟ್ ಬಿಳಿ, ಅದರ ಮೇಲೆ ಬೂದು ಬಣ್ಣ.

ನೀರಿಗೆ ಹಳೇ ಕನ್ನಡಿ. ಕಟ್ಟೆಯ ಪಕ್ಕದಲ್ಲಿ ಐಸ್‌ಕ್ರೀಂ ಕಡ್ಡಿಗೆ ಒಂದು ಪುಟ್ಟ ಕಪ್ಪು ಹಲಗೆ ಅಂಟಿಸಿ, ಮೇಲೆ 'ಗರಿಷ್ಠ 124.80 ಅಡಿ' ಅಂತ ಬರೆಸಿ. ಕೆಳಗೆ ಇವತ್ತಿನ ಮಟ್ಟ. ಮಂಡ್ಯದ ಕಡೆಯವರು ಬೆಳಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದೇ ಅದನ್ನು, ಮಗು ದಿನಾ ನೋಡಿ ಸೀಮೆಸುಣ್ಣದಲ್ಲಿ ತಿದ್ದಲಿ. ಗೊಂಬೆ ನೋಡಲು ಬಂದ ಗಂಡಸರು ಸಾಮಾನ್ಯವಾಗಿ ಐದು ನಿಮಿಷಕ್ಕೆ ಸೋಫಾ ಹುಡುಕುತ್ತಾರೆ, ಈ ಹಲಗೆ ಮುಂದೆ ಮಾತ್ರ ನಿಂತು ಕಾವೇರಿ ವಿಷಯ ಶುರು ಮಾಡುತ್ತಾರೆ.

ಕಟ್ಟೆ ಕೆಳಗೆ ಗದ್ದೆ ಬೇಕಲ್ಲ, ಅದಕ್ಕೆ ರಾಗಿ ಪೈರು. ಭತ್ತದ ಗದ್ದೆಗೆ ರಾಗಿಯಾ ಅಂತ ಯಾರಾದರೂ ಊರಿನವರು ಕೇಳಿಯೇ ಕೇಳುತ್ತಾರೆ, ನಕ್ಕು ಸುಮ್ಮನಾಗಿ. ಪಾಡ್ಯಕ್ಕೆ ಐದಾರು ದಿನ ಮುಂಚೆ ಒಂದು ಹಿಡಿ ರಾಗಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಡಿ, ಬಿಳಿ ಮೊಳಕೆ ಮೂತಿ ಹೊರಗೆ ಹಾಕುತ್ತದೆ. ಅಗಲವಾದ ಟ್ರೇನಲ್ಲಿ ಒಂದಿಂಚು ಮಣ್ಣು ಮರಳು ಬೆರೆಸಿ ಹರಡಿ, ರಾಗಿಯನ್ನು ಒತ್ತೊತ್ತಾಗಿ ಚೆಲ್ಲಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಎರಡು ದಿನ ಪೇಪರ್ ಮುಚ್ಚಿ. ನೀರು ಸುರಿಯಬೇಡಿ, ಚಿಮುಕಿಸಿ. ಹಬ್ಬದ ಕೊನೆಗೆ ಪೈರು ಉದ್ದವಾಗಿ ಒಂದು ಕಡೆ ವಾಲುತ್ತದೆ, ಕತ್ತರಿಯಲ್ಲಿ ಮೇಲ್ಗಡೆ ಸಮ ಮಾಡಿ, ಅಥವಾ ಪಾಡ್ಯದ ದಿನ ಇನ್ನೊಂದು ಟ್ರೇ ಬಿತ್ತಿ ಮಧ್ಯದಲ್ಲಿ ಬದಲಿಸಿ. ಸೀರಿಯಲ್ ಸೆಟ್ ವೈರು ಈ ಟ್ರೇ ಹತ್ತಿರ ಬರಲೇಬಾರದು.

ಮೂಲೆಯಲ್ಲಿ ಜಾಗ ಉಳಿದರೆ ಆಲೆಮನೆ ಮಾಡಿ. ಕಡ್ಡಿ ಪೊರಕೆಗೆ ಹಸಿರು ಕಾಗದ ಸುತ್ತಿದರೆ ಕಬ್ಬು, ಬೆಲ್ಲದ ಅಚ್ಚು ಜೇಡಿಮಣ್ಣಿನದ್ದು. ನಿಜವಾದ ಬೆಲ್ಲ ಇಟ್ಟರೆ ಇರುವೆ ಸಾಲು ನೇರ ಪಟ್ಟದ ರಾಣಿಯ ಸೆರಗಿಗೇ ಹೋಗುತ್ತದೆ.

ಸಂಜೆಗಳು, ಬಾಗಿನ, ನೆಂಟರು

'ಗೊಂಬೆ ಕೂರ್ಸಿದ್ದೀರಾ?' ಅಂತ ಮಕ್ಕಳು ಬಾಗಿಲಿಗೆ ಬಂದಾಗ ಕೈಗೆ ಏನಾದರೂ ತಿಂಡಿ ಕೊಡಬೇಕು, ಅದೇ ಗೊಂಬೆ ಬಾಗಿನ. ಒಂಬತ್ತು ದಿನಕ್ಕೂ ಹೊಸ ತಿಂಡಿ ಮಾಡುತ್ತೇನೆ ಅಂತ ಹೊರಟರೆ ಒಲೆ ಮುಂದೆಯೇ ಹಬ್ಬ ಮುಗಿಯುತ್ತದೆ. ಹಿಂದಿನ ಭಾನುವಾರ ಒಂದೇ ಕೂರುವಿಕೆಯಲ್ಲಿ ಕೋಡುಬಳೆ, ಚಕ್ಕುಲಿ ಕರಿದು ಡಬ್ಬಕ್ಕೆ ತುಂಬಿಬಿಡಿ, ಗಾಳಿಯಾಡದಿದ್ದರೆ ಹತ್ತು ದಿನಕ್ಕೂ ಗರಿಗರಿ ಇರುತ್ತವೆ. ರವೆ ಉಂಡೆಗೆ ಹಾಲು ಹಾಕದೆ ತುಪ್ಪದಲ್ಲೇ ಕಟ್ಟಿ, ಬೇಗ ಕೆಡುವುದಿಲ್ಲ. ದಿನಾ ಬಿಸಿಯಾಗಿ ಮಾಡುವುದು ಉಸಲಿ ಮಾತ್ರ ಸಾಕು. ಕಡಲೆಕಾಳು ರಾತ್ರಿಯೇ ನೆನೆಸಿ, ಮರೆತು ಬೆಳಗ್ಗೆ ನೆನಪಾದರೆ ಹೆಸರುಕಾಳು, ಮಧ್ಯಾಹ್ನ ನೆನಪಾದರೆ ಕಡಲೆಬೇಳೆ. ಆಫೀಸಿನಿಂದ ಬಂದು ಕುಕ್ಕರ್ ಇಟ್ಟು ಒಗ್ಗರಣೆ ಹಾಕಿದರೆ ಆಯಿತು.

ಬರುವವರಿಗೆ ಸಮಯ ಹೇಳಿಬಿಡಿ. ಆರೂವರೆಯಿಂದ ಎಂಟೂವರೆ, ಅಷ್ಟೇ. ಗುಂಪಿನಲ್ಲಿ ಒಂದು ಸಾಲು ಹಾಕಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರ ಮನೆಯಲ್ಲೂ ಅದೇ ಪಾಡು. ಒಂದೆರಡು ಸಂಜೆ ಬಾಗಿಲು ಹಾಕಿಕೊಂಡು ನಿಮ್ಮ ಮಕ್ಕಳ ಜೊತೆ ನೀವೂ ಊರು ಸುತ್ತಿ.

ನೆಂಟರಿಗೆ ನನ್ನ ಸಲಹೆ ಯಾವಾಗಲೂ ಒಂದೇ: ಜಂಬೂ ಸವಾರಿ ದಿನವೇ ಬರಬೇಕು ಅಂತಿಲ್ಲ. ಅರಮನೆಯ ದೀಪ ಹಬ್ಬದ ಎಲ್ಲಾ ಸಂಜೆಯೂ ಹತ್ತುತ್ತದೆ, ಮೊದಲ ಮೂರ್ನಾಲ್ಕು ದಿನಗಳಲ್ಲಿ ಬಂದರೆ ಊರು ಸ್ವಲ್ಪ ಉಸಿರಾಡಲು ಬಿಡುತ್ತದೆ. ಕೊನೇ ದಿನ ಸಯ್ಯಾಜಿರಾವ್ ರಸ್ತೆಯಿಂದ ಬನ್ನಿಮಂಟಪದವರೆಗೂ ಜನವೋ ಜನ. ವಯಸ್ಸಾದವರು, ಕಂಕುಳಿನ ಕೂಸು ಇದ್ದರೆ ಮನೆಯಲ್ಲಿ ಟಿವಿ ಮುಂದೆ ಕೂರಿಸಿ, ಆನೆ ಅಲ್ಲೇ ಚೆನ್ನಾಗಿ ಕಾಣುತ್ತದೆ. ಆನೆ ಮೇಲಿನ ಅಂಬಾರಿಯನ್ನು ಕಣ್ಣಾರೆ ನೋಡಲೇಬೇಕು ಅನ್ನುವ ಚಿಕ್ಕ ಮಕ್ಕಳಿದ್ದರೆ ಶ್ರೀರಂಗಪಟ್ಟಣದ ದಸರಾಗೆ ಕರೆದುಕೊಂಡು ಹೋಗಿ. ಕಿರಂಗೂರಿನ ಬನ್ನಿಮಂಟಪದಿಂದ ಹೊರಡುತ್ತದೆ, ಮೈಸೂರಿನಷ್ಟು ನೂಕುನುಗ್ಗಲು ಇಲ್ಲ. ಅಷ್ಟಕ್ಕೂ ಒಡೆಯರ ದಸರಾ ಶುರುವಾಗಿದ್ದೇ ಅಲ್ಲಿ, 1610ರಲ್ಲಿ.

ಎತ್ತಿಡುವುದು

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ಮಾರನೇ ದಿನವೇ ಮಿಕ್ಕವನ್ನೂ ಇಳಿಸಿ. 'ಭಾನುವಾರ ನೋಡೋಣ' ಅಂದರೆ ದೀಪಾವಳಿವರೆಗೂ ಧೂಳು ಕುಡಿಯುತ್ತಾ ಕೂತಿರುತ್ತವೆ. ಇಳಿಸುವ ಮುಂಚೆ ಒಂದೊಂದು ಮೆಟ್ಟಿಲಿನ ಫೋಟೋ ತೆಗೆದುಕೊಳ್ಳಿ, ಮುಂದಿನ ವರ್ಷ ಯಾವುದು ಎಲ್ಲಿತ್ತು ಅನ್ನುವ ಜಗಳ ಇರುವುದಿಲ್ಲ. ಮಣ್ಣಿನ ಗೊಂಬೆಗೆ ಹಳೇ ಹತ್ತಿ ಪಂಚೆಯ ತುಂಡು ಸುತ್ತಿ, ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ತೇವ ನಿಂತು ಬಣ್ಣ ಏಳುತ್ತದೆ. ನಡುನಡುವೆ ಒಣಗಿದ ಬೇವಿನ ಸೊಪ್ಪು ಹಾಕಿ. ಮೂಗು ಮುರಿದವು, ಕೈ ಹೋದವು ಬೇರೆ ಡಬ್ಬಕ್ಕೆ, ಅವುಗಳ ರಿಪೇರಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕೆಲಸ.

ಕನ್ನಂಬಾಡಿ ಕಟ್ಟೆಯನ್ನು ಎಸೆಯಬೇಡಿ, ಅದು ಮುಂದಿನ ವರ್ಷಕ್ಕೆ ಹಳೇದಾಗಿ ಲೆಕ್ಕಕ್ಕೆ ಬರುತ್ತದೆ. ರಾಗಿ ಪೈರು ಹಸುವಿಗೆ. ಅಟ್ಟಕ್ಕೆ ಏರಿಸುವಾಗ ಪಟ್ಟದ ಗೊಂಬೆ ಪೆಟ್ಟಿಗೆ ಎಲ್ಲಕ್ಕಿಂತ ಮುಂದೆ ಇರಲಿ, ಮುಂದಿನ ಪಾಡ್ಯದ ಬೆಳಗ್ಗೆ ಮೊದಲು ಬೇಕಾಗುವುದು ಅದೇ.