ರಿಲೇ ಆನ್ ಆದ್ರೆ ಎಸ್‌ಡಿ ಕಾರ್ಡ್ ಮಾಯ: ಗ್ರೌಂಡ್ ಸೀಳಿನ ಕಾಟ

ಗದಗ ಕಡೆಯ ಬೋರ್‌ವೆಲ್ ಪಂಪಿನ ಕಂಟ್ರೋಲರ್, ಎರಡು ಲೇಯರ್ ಬೋರ್ಡ್. ಎಸ್‌ಡಿ ಕಾರ್ಡಿಗೆ ಡೇಟಾ ಸಾಗಿಸುವ ಎಸ್‌ಪಿಐ ಸಂಪರ್ಕದಲ್ಲಿ, 18 ಮೆಗಾಹರ್ಟ್ಸ್ ವೇಗಕ್ಕೆ ಸಿಆರ್‌ಸಿ ಎರರ್, ಅಂದರೆ ಡೇಟಾ ಕೆಟ್ಟಿದೆ ಎಂಬ ಸೂಚನೆ. ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಆನ್ ಆದರಂತೂ ಕಾರ್ಡೇ ಸಿಗದು.

ಕಾರ್ಡ್ ಬದಲಿಸಿದರೂ, 100 ನ್ಯಾನೊಫ್ಯಾರಡ್ ಕೆಪ್ಯಾಸಿಟರ್ ಹೆಚ್ಚಿಸಿದರೂ ಅಷ್ಟೇ. ಡೇಟಾಗೆ ತಾಳ ಹಾಕುವ ಕ್ಲಾಕ್ ಟ್ರ್ಯಾಕಿಗೆ 33 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿದಾಗ ಎರರ್ ಕಡಿಮೆಯಾಯಿತು, ಹೋಗಲಿಲ್ಲ.

ದೋಷ ಕೆಳಗಿನ ಲೇಯರಿನ ಗ್ರೌಂಡ್ ಪ್ಲೇನ್‌ನಲ್ಲಿ, ಅಂದರೆ ಕರೆಂಟ್ ವಾಪಸ್ ಹೋಗುವ ಅಗಲ ತಾಮ್ರದ ಹಾಸಿನಲ್ಲಿತ್ತು. ರಿಲೇಯ 12 ವೋಲ್ಟ್ ಟ್ರ್ಯಾಕ್ ಅದನ್ನು 40 ಮಿ.ಮೀ. ಸೀಳಿತ್ತು, ಕ್ಲಾಕ್ ಆ ಸೀಳಿನ ಮೇಲೇ ದಾಟುತ್ತಿತ್ತು. ಈ ವೇಗದಲ್ಲಿ ವಾಪಸ್ ಕರೆಂಟ್ ಟ್ರ್ಯಾಕಿನ ನೇರ ಕೆಳಗೆ ಹರಿಯುತ್ತದೆ. ಅದು ಸೀಳನ್ನು ಸುತ್ತಿಬಂದರೆ ಲೂಪ್ ದೊಡ್ಡದಾಗಿ ರಿಂಗಿಂಗ್ (ಸಿಗ್ನಲ್ ಅಲುಗಾಟ) ಶುರು.

ಮೊದಲು 12 ವೋಲ್ಟ್ ಟ್ರ್ಯಾಕಿನ ಮೇಲೆ ಶಾಖ ತಾಳುವ ಕ್ಯಾಪ್ಟಾನ್ ಟೇಪ್ ಅಂಟಿಸಿ. ಸೀಳಿನ ಎರಡೂ ಅಂಚಿನ ಹಸಿರು ಪದರ ಬ್ಲೇಡಿನಿಂದ ಕೆರೆದು, ಕ್ಲಾಕ್ ದಾಟುವ ಜಾಗದಲ್ಲೇ 10 ಮಿ.ಮೀ. ಅಗಲದ ತಾಮ್ರದ ಹಾಳೆ ಬೆಸುಗೆ ಹಾಕಿ. ದೂರದಲ್ಲೆಲ್ಲೋ ವೈರ್ ಜೋಡಿಸಿದರೆ ಉಪಯೋಗವಿಲ್ಲ. ಇಷ್ಟಕ್ಕೇ ಎರರ್ ನಿಂತಿತು. ಹೊಸ ಲೇಔಟ್‌ನಲ್ಲಿ 12 ವೋಲ್ಟ್ ಟ್ರ್ಯಾಕ್ ಮೇಲಿನ ಲೇಯರಿನ ಅಂಚಿಗೆ ಹೋಯಿತು.